ಹಿರಿಯ ಗುರುಗಳ ದನಿ

ಎಂದಿನಂತೆ ಬೆಳಗಿನ ಪಾಠಕ್ಕೆ ಎಲ್ಲರೂ ಕೂತಿದ್ದರು. ಶಿಷ್ಯ ಸಂಗಣ್ಣ ಆಶ್ರಮದ ಫೋನು ಒತ್ತಿದ. ತೀರಿಹೋದ ಹಿರಿಯ ಗುರುಗಳ ದನಿ ಬರಲಿಲ್ಲ.

ಅವರ ಪ್ರವಚನದ ಕ್ಯಾಸೆಟ್‌ಗಳು ಎಂದೋ ಬೂಷ್ಟು ಹಿಡಿದು ಹಾಳಾಗಿದ್ದವು. ಉಳಿದ ಒಂದೇ ಪ್ರತಿ ದೂರದ ಕಂಪನಿಯೊಂದರ ಕ್ಲೌಡ್‌ನಲ್ಲಿತ್ತು. ಎಲ್ಲವನ್ನೂ ಇಳಿಸಿಕೊಳ್ಳಲು ಫೋನಿನಲ್ಲಿ ಜಾಗವಿರಲಿಲ್ಲ. ಅಂದು ಆ ಕಂಪನಿಯ ಯಂತ್ರಗಳೇ ಕೆಟ್ಟು ನಿಂತಿದ್ದವು.

ದನಿ ಮರಳಿದ್ದು ಸಂಜೆಗೆ. ಅಂದಿನಿಂದ ಸಂಗಣ್ಣ, ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವನಂತೆ, ಮಜ್ಜಿಗೆಯನ್ನೂ ಊದಿ ಕುಡಿಯುವವನಾದ.

ಇನ್ನೊಂದು ಕಂಪನಿಗೆ ಹೇಳಿಕಳಿಸಿದ. ಅಲ್ಲಿಂದ ಶ್ರೀನಿಧಿ ಎಂಬವರು ಬಂದರು.

ಆಶ್ರಮದ ಬಾಗಿಲಲ್ಲಿ ಬಂದವರ ಚಪ್ಪಲಿ ಕಾಯುವವಳು ಗಂಗವ್ವ. ಚೀಟಿಯಿಲ್ಲ, ಬೀಗವಿಲ್ಲ. ಹೊರಡುವ ಹೊತ್ತಿಗೆ ಅವರವರ ಚಪ್ಪಲಿ ಹೊರಮುಖವಾಗಿ ಜೋಡಿಸಿಟ್ಟಿರುತ್ತಾಳೆ. ಅವಳು ಚಪ್ಪಲಿಗೆಂದು ಕೈ ಚಾಚಿದಳು. ಶ್ರೀನಿಧಿ ನಮಸ್ಕರಿಸಿ ಬರಿಗಾಲಲ್ಲಿ ಒಳಗೆ ಬಂದು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು.

"ಕೇಳಿದ ಕೂಡಲೇ ದನಿ ಬರಬೇಕು," ಎಂದ ಸಂಗಣ್ಣ.

"ಬರುತ್ತದೆ."

"ಒಂದೇ ಕಡೆ ಇಡಬಾರದು. ಬೇರೆ ಬೇರೆ ಊರುಗಳಲ್ಲಿ ಪ್ರತಿ ಇರಬೇಕು."

"ಇಡುತ್ತೇವೆ."

"ಕೆಟ್ಟರೆ ನಮಗಿಂತ ಮೊದಲು ನಿಮಗೆ ಗೊತ್ತಾಗಬೇಕು. ನಾವು ಕೇಳಿದ ದಿನ ಎಲ್ಲವನ್ನೂ ಹಿಂದಕ್ಕೆ ಕೊಡಬೇಕು."

"ಆಗಲಿ ಸ್ವಾಮಿ. ನಿಮ್ಮ ಸ್ವತ್ತು ನಮ್ಮದೇ ಅಂದುಕೊಳ್ಳುತ್ತೇವೆ."

"ಅದೇ ನನ್ನ ಭಯ."

ಮೂಲೆಯಲ್ಲಿ ಕೂತಿದ್ದ ಈಗಿನ ಗುರುಗಳು ನಕ್ಕರು.

ಪ್ರಸಾದದ ಗಂಟೆಯಾಯಿತು. ಶ್ರೀನಿಧಿ ಚೀಲವನ್ನು ಹೆಗಲಿಗೇರಿಸಿಕೊಂಡೇ ಊಟಕ್ಕೆ ಎದ್ದರು.

"ಗುರುಗಳೇ, ಕೇಳಿದ್ದಕ್ಕೆಲ್ಲ ಒಪ್ಪಿದ್ದಾರೆ. ಸಹಿ ಹಾಕಲೇ? ಹಾಕಿದರೆ ದನಿ ಇವರ ಕೈಗೆ ಹೋಗುತ್ತದೆ. ಹಳೆಯ ಕಂಪನಿ ತನ್ನಲ್ಲಿರುವುದನ್ನು ಅಳಿಸುತ್ತದೆ."

"ಯಾವುದಕ್ಕೆ ಚೌಕಾಸಿ ಮಾಡಿದರು?"

"ಯಾವುದಕ್ಕೂ ಇಲ್ಲ."

"ಹೂಂ."

"ನಾನೇನು ಸುಮ್ಮನೆ ಬಿಡಲಿಲ್ಲ, ಗುರುಗಳೇ. ಒಂದೊಂದು ಮಾತನ್ನೂ ಉಜ್ಜಿ ನೋಡಿದೆ."

"ಮಾತು ನೋಡಿದೆ. ಕಾಲು?"

"ಬರಿಗಾಲು. ಮರ್ಯಾದೆಯಿಂದಲೇ ಬಂದರು."

"ಅವರ ಚಪ್ಪಲಿ ನೋಡಿ ಬಾ."

ಸಂಗಣ್ಣ ಬಾಗಿಲಿಗೆ ಹೋದ. ಗಂಗವ್ವ ಒಂದೊಂದೇ ಜೊತೆಯನ್ನು ಹೊರಮುಖವಾಗಿ ತಿರುಗಿಸುತ್ತಿದ್ದಳು. ಇದು ಯಾರದು, ಅದು ಯಾರದು ಎಂದು ಕೇಳಿದ. ಅವಳು ಎಲ್ಲದಕ್ಕೂ ಹೆಸರು ಹೇಳಿದಳು.

ಮರಳಿ ಬಂದು ನಿಂತ.

"ಅವರದು ಅಲ್ಲಿ ಇಲ್ಲ, ಗುರುಗಳೇ."

"ಅವರ ಚೀಲದಲ್ಲಿದೆ," ಎಂದರು ಗುರುಗಳು.