ಮಣ್ಣು ಹತ್ತದ ಬೆನ್ನು

"ಸೀಮೆಯ ಜಟ್ಟಿಗಳನ್ನು ಆರಿಸುವುದು ಹೇಗೆ, ಗುರುಗಳೇ?" ಎಂದು ಸಂಗಯ್ಯ ಕೇಳಿದ.

ಹನ್ನೆರಡು ಗರಡಿಗಳು ಸೇರಿ ಅವನನ್ನು ತೀರ್ಪುಗಾರನನ್ನಾಗಿ ಮಾಡಿದ್ದವು. ರಾಜಧಾನಿಯ ಕುಸ್ತಿಗೆ ಸೀಮೆಯಿಂದ ಇಬ್ಬರೇ ಹೋಗಬೇಕು. ಎಲ್ಲರೂ ಎಲ್ಲರೊಡನೆ ಸೆಣಸುವಷ್ಟು ದಿನಗಳಿಲ್ಲ. ಮರುದಿನವೇ ಕೊನೆಯ ಕುಸ್ತಿ. ತೀರ್ಪು ತಪ್ಪಿದರೆ ಯಾರದೋ ಒಂದು ವರ್ಷದ ಬೆವರು ನೀರುಪಾಲು. ಅವನಿಗೆ ಊಟ ಸೇರುತ್ತಿರಲಿಲ್ಲ.

"ನೀವೇ ಒಂದು ನಿಯಮ ಹೇಳಿಬಿಡಿ. ಕಣ್ಣು ಮುಚ್ಚಿಕೊಂಡು ಪಾಲಿಸುತ್ತೇನೆ."

"ಕಣ್ಣು ಮುಚ್ಚಿಕೊಂಡು ಕುಸ್ತಿ ನೋಡುವ ತೀರ್ಪುಗಾರ! ಭೇಷ್," ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಇನ್ನೊಂದು ಸೀಮೆಯಲ್ಲಿ ಒಬ್ಬ ಹಿರಿಯನಿದ್ದ. ಅಲ್ಲಿಂದಲೂ ರಾಜಧಾನಿಗೆ ಇಬ್ಬರೇ ಹೋಗಬೇಕು. ಜೋಡಿ ಕಟ್ಟುವವನೂ ಅವನೇ, ತೀರ್ಪು ಕೊಡುವವನೂ ಅವನೇ. ಒಂದು ವರ್ಷ ಕೋಟೆ ಗರಡಿಯ ಜಟ್ಟಿ ಒಮ್ಮೆಯೂ ಸೋಲಲಿಲ್ಲ. ಹೊಳೆ ಗರಡಿಯ ಜಟ್ಟಿಯೂ ಸೋಲಲಿಲ್ಲ. ಪೇಟೆ ಗರಡಿಯವನು ಸೋತದ್ದು ಒಮ್ಮೆ ಮಾತ್ರ, ಅದೂ ಹೊಳೆ ಗರಡಿಯವನ ಕೈಯಲ್ಲಿ. ಮೊದಲಿಗನು ಯಾರೆಂದು ತಿಳಿಯಲು ಹಿರಿಯನು ಕೋಟೆಯವನಿಗೂ ಹೊಳೆಯವನಿಗೂ ಜೋಡಿ ಕಟ್ಟಿದ.

ಮಧ್ಯಾಹ್ನ ಹಿಡಿದ ಪಟ್ಟು ಹೊತ್ತು ಇಳಿದರೂ ಬಿಡಲಿಲ್ಲ. ಕೊನೆಗೆ ಹೊಳೆಯವನ ಬೆನ್ನಿಗೆ ಮಣ್ಣು ಹತ್ತಿತು. ಜನ ಇಬ್ಬರನ್ನೂ ಹೆಗಲ ಮೇಲೆ ಹೊತ್ತರು. ಹಿರಿಯನು ರಾಜಧಾನಿಗೆ ಹೋಗುವವರಿಗೆಂದು ಎರಡು ರುಮಾಲು ತರಿಸಿದ. ಒಂದನ್ನು ಕೋಟೆಯವನಿಗೆ ಸುತ್ತಿದ. ಇನ್ನೊಂದನ್ನು ಹಿಡಿದುಕೊಂಡು ಅಖಾಡದ ಬದುವಿನ ಕಡೆ ನಡೆದ. ಅಲ್ಲಿ ಪೇಟೆ ಗರಡಿಯವನು ಸ್ನಾನ ಮಾಡಿ, ಮಡಿ ಪಂಚೆಯುಟ್ಟು, ಎಲೆ ಅಡಿಕೆ ಹಾಕಿಕೊಂಡು ಕುಸ್ತಿ ನೋಡುತ್ತ ಕುಳಿತಿದ್ದ. ಹಿರಿಯನು ರುಮಾಲನ್ನು ಅವನ ತಲೆಗೆ ಸುತ್ತಿದ.

ತಮಟೆ ನಿಂತುಹೋಯಿತು. ರುಮಾಲು ಸುತ್ತಿಸಿಕೊಂಡವನೂ ಬಾಯಲ್ಲಿದ್ದ ಎಲೆ ಅಗಿಯುವುದನ್ನು ಮರೆತ.

"ಸ್ವಾಮೀ, ಅವನನ್ನ ಕೆಡವಿದ್ದು ನಾನೇ ಅಲ್ವಾ?" ಎಂದ ಹೊಳೆ ಗರಡಿಯವನು.

"ಅದು ಹೋದ ತಿಂಗಳ ಮಾತಾಯ್ತು ಕಣಪ್ಪ. ಇವತ್ತು ನಿನ್ನ ಬೆನ್ನು ನೋಡ್ಕೊ, ಅವನ ಬೆನ್ನು ನೋಡು. ಸೋತವನನ್ನ ಕಳಿಸಿದ್ರೆ ರಾಜಧಾನೀಲಿ ನಮ್ಮನ್ನ ನೋಡಿ ನಗ್ತಾರೆ."

"ಅವನು ಇವತ್ತು ಅಖಾಡಕ್ಕೇ ಇಳೀಲಿಲ್ವಲ್ಲ!"

ಹಿರಿಯನು ತಮಟೆಯವರಿಗೆ ಬಾರಿಸಲು ಕೈ ಬೀಸಿದ. ಹೊಳೆ ಗರಡಿಯವನು ಮೈಯ ಮಣ್ಣನ್ನೂ ತೊಳೆಯದೆ ಊರು ಬಿಟ್ಟು ಹೋದ. ಮತ್ತೆ ಯಾರೂ ಅವನನ್ನು ಕಾಣಲಿಲ್ಲ.

ಮರುವರ್ಷ ಹಿರಿಯನು ಅಖಾಡ ಅಗೆಸಿದ, ಮಣ್ಣಿಗೆ ಎಣ್ಣೆ ಅರಿಸಿನ ಬೆರೆಸಿದ, ತಮಟೆಯವರನ್ನು ಕರೆಸಿದ. ಜೋಡಿಯ ಹೆಸರು ಕೂಗಿದ. ಒಬ್ಬನಿಗೆ ಕಾಲು ಉಳುಕಿತ್ತಂತೆ. ಇನ್ನೊಬ್ಬನಿಗೆ ಜ್ವರವಂತೆ. ಬೇರೆ ಜೋಡಿ ಕೂಗಿದ. ಅವರಿಗೂ ಜ್ವರ. ಹಿರಿಯನು ತಲೆಯೆತ್ತಿ ನೋಡಿದರೆ ಆ ಸೀಮೆಯ ಎಲ್ಲ ಗರಡಿಗಳ ಜಟ್ಟಿಗಳೂ ಮಡಿ ಪಂಚೆಯುಟ್ಟು ಬದುವಿನ ಮೇಲೆ ಸಾಲಾಗಿ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದರು.

ಬರುವ ವರ್ಷ ತನ್ನ ಅಖಾಡವೂ ಹೀಗೆ ಬರಿದಾಗಿ ಬಿದ್ದಿರುವುದು ಸಂಗಯ್ಯನ ಕಣ್ಣಿಗೆ ಕಟ್ಟಿತು. ಹೊಳೆ ಗರಡಿಯವನನ್ನು ನೆನೆದು ಸಿಟ್ಟು ಬಂತು. ಗುರುಗಳ ಮುಂದೆ ದನಿ ಏರಿಸಬಾರದೆಂಬುದನ್ನೂ ಮರೆತ.

"ಎಂಥ ದುಷ್ಟ ಅವನು! ಸೆಣಸಿದವನಿಗೆ ಶಿಕ್ಷೆ, ಸುಮ್ಮನೆ ಕೂತವನಿಗೆ ರುಮಾಲು! ಅಷ್ಟು ವಯಸ್ಸಾಗಿಯೂ ಅವನಿಗೆ ಇಷ್ಟು ತಿಳಿಯಲಿಲ್ಲವೇ?"

ಗುರುಗಳು ಹೇಳಿದರು:

"ಅವನು ದುಷ್ಟನಲ್ಲ ಸಂಗಯ್ಯ, ತೀರ್ಪಿನ ಹಿಂದಿನ ದಿನ ನಿನ್ನ ಹಾಗೆಯೇ ಬಂದು ನಿಯಮ ಕೇಳಿದ್ದ, 'ಕೊನೆಯ ದಿನ ಬೆನ್ನಿಗೆ ಮಣ್ಣು ಹತ್ತಿದವನನ್ನು ಕಳಿಸಬೇಡ' ಎಂದು ನಾನು ಹೇಳಿದ್ದನ್ನೇ ಕಣ್ಣು ಮುಚ್ಚಿಕೊಂಡು ಪಾಲಿಸಿದ."