ಎರಡು ಗುಳಿಯ ಹಿಡಿಕೆ

ಕಮ್ಮಾರ ಮಾನಪ್ಪ ಶೇಂಗಾ ಸುಲಿಯುವ ಯಂತ್ರವೊಂದನ್ನು ತಾನೇ ಮಾಡಿದ್ದ. ಒಂದು ಕಂಪನಿ ಅದನ್ನು ನೋಡಿಕೊಂಡು ಹೋಗಿ ತನ್ನ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡಿತು. ಆಮೇಲೆ, ನಕಲು ಮಾಡಿದ್ದಾನೆಂದು ಅವನ ಮೇಲೆಯೇ ದಾವೆ ಹೂಡಿತು. ತಡೆಯಾಜ್ಞೆ ಬಂದು ಕುಲುಮೆ ಆರಿತು.

ಕಾಗದಪತ್ರವಿಲ್ಲದ ಕೇಸೆಂದು ಇಬ್ಬರು ವಕೀಲರು ಕೈಚೆಲ್ಲಿದರು. ಮೂರನೆಯವರಾದ ದೇಸಾಯರೂ ಕೇಳಿದರು, "ನಕ್ಷೆ ಐತೇನು?"

"ಏನೂ ಇಲ್ರೀ ಸಾಹೇಬ್ರ. ನೀವು ವಕಾಲತ್ತು ಹಾಕಿ ಒಂದ ಪ್ರಶ್ನೆ ಕೇಳ್ರಿ, ಸಾಕು," ಎಂದು ಮಾನಪ್ಪ ಪ್ರಶ್ನೆಯನ್ನು ಹೇಳಿಕೊಟ್ಟ. ದೇಸಾಯರು ಒಪ್ಪಿದರು.

ಕೋರ್ಟಿಗೆ ತಂದಿರಿಸಿದ್ದ ಕಂಪನಿಯ ಯಂತ್ರವನ್ನು ತೋರಿಸಿ ಅವರು ಅದರ ಮ್ಯಾನೇಜರನ್ನು ಕೇಳಿದರು, "ಯಂತ್ರದ ಹಿಡಿಕೆಯಲ್ಲಿ ಬೆರಳಿಗೆಂದು ಎರಡೇ ಗುಳಿ ಯಾಕೆ?"

"ಅದು ನಮ್ಮ ಎಂಜಿನಿಯರುಗಳ ಸಂಶೋಧನೆ. ಹಿಡಿತ ಭದ್ರವಾಗಿರುತ್ತದೆ."

"ಹಿಡಿದು ತಿರುಗಿಸಿ."

ಮ್ಯಾನೇಜರು ಹಿಡಿದ. ಕೊನೆಯ ಎರಡು ಬೆರಳಿಗೆ ಜಾಗವೇ ಇರಲಿಲ್ಲ. ಹಿಡಿಕೆ ಕೈಯಿಂದ ಜಾರಿತು.

ಆಗ ಮಾನಪ್ಪ ಎದ್ದು ಬಂದು ಬಲಗೈಯಿಂದ ಅದನ್ನು ಹಿಡಿದ. ಆ ಕೈಯಲ್ಲಿ ಕಿರುಬೆರಳೂ ಇಲ್ಲ, ಉಂಗುರಬೆರಳೂ ಇಲ್ಲ. ಹಿಡಿಕೆ ಸರಿಯಾಗಿ ಕೂತಿತು.

"ಮೊದಲ ಮಾಡಿದ ಯಂತ್ರ ಎರಡು ಬೆರಳು ತಗೊಂತ್ರೀ," ಎಂದು ನ್ಯಾಯಾಧೀಶರಿಗೆ ಹೇಳಿದ. "ಉಳಿದ ಬೆರಳಿಗೆ ಹೊಂದೋ ಹಂಗ ಈ ಹಿಡಿಕಿ ಮಾಡ್ಕೊಂಡೆ. ಇವರ ಎಂಜಿನಿಯರು ಯಾರ ಕೈ ಅಳತಿ ತಗೊಂಡಾರ, ಕೇಳ್ರಿ."

ಮ್ಯಾನೇಜರು ತನ್ನ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದ. ದಾವೆ ಅಲ್ಲಿಗೇ ಬಿದ್ದುಹೋಯಿತು.