ಭಯಭಕ್ತಿಗಿಂತ ದೊಡ್ಡ ಪದ

ತಾಲ್ಲೂಕು ಕಚೇರಿಯ ಮುಂದೆ ಹುಣಸೆಮರದಡಿ ಒಬ್ಬ ಅರ್ಜಿ ಬರೆಯುವವನಿದ್ದ. ಒಂದು ಬೆಳಿಗ್ಗೆ ಕೆಂಚವ್ವ ಎಂಬಾಕೆ ಅವನ ಬಳಿ ಓಡಿಬಂದಳು. ಅವಳ ಊರಿನ ಬಾವಿಯ ಪಕ್ಕದ ಪೊದೆಯಲ್ಲಿ ಚಿರತೆ ಸೇರಿಕೊಂಡಿತ್ತು. ಎರಡು ದಿನದಿಂದ ಯಾರೂ ನೀರಿಗೆ ಹೋಗಿರಲಿಲ್ಲ. ಬೋನು ಕಳಿಸಬೇಕೆಂದು ಅವನು ಅರ್ಜಿ ಬರೆದುಕೊಟ್ಟ.

ಕೆಂಚವ್ವ ಒಳಗೆ ಕೊಟ್ಟ ಅರ್ಜಿಯನ್ನು ತಾಲ್ಲೂಕಿನ ಅಮಲ್ದಾರರು ಓದಿ, ಅವಳನ್ನು ಅಲ್ಲೇ ನಿಲ್ಲಿಸಿಕೊಂಡು, ಬರೆದವನನ್ನೇ ಕರೆಸಿದರು.

“ಏನಯ್ಯಾ ಇದು? ಅರ್ಜಿಯ ಮೇಲ್ಗಡೆ ನನಗೆ ಬರೀ ‘ಭಯಭಕ್ತಿ’. ಕೆಳಗೆ ಚಿರತೆಗೆ ‘ಎದೆ ನಡುಗಿಸುವ ದಿಗಿಲು’. ಯಾವುದು ದೊಡ್ಡದು?”

“ದಿಗಿಲೇ ಸ್ವಾಮಿ. ಭಯಭಕ್ತಿಯಲ್ಲಿ ಕೈ ಮುಗಿಯುತ್ತೇವೆ. ದಿಗಿಲಾದರೆ ಕೈಯೇ ಏಳುವುದಿಲ್ಲ.”

“ನನಗಿಂತ ಆ ಮೃಗ ಹೆಚ್ಚೋ? ದೊಡ್ಡದನ್ನು ನನಗೆ ಬರಿ. ಅಲ್ಲಿಯವರೆಗೆ ಬೋನಿಲ್ಲ!”

ಅವನು ಅಲ್ಲೇ ಕುಳಿತು ಬೇರೆ ಹಾಳೆಯಲ್ಲಿ ಬರೆದು, ಗಟ್ಟಿಯಾಗಿ ಓದಿದ.

“ಚಿರತೆಯೆಂದರೆ ನಮಗೆ ಸ್ವಲ್ಪ ಅಳುಕು ಮಾತ್ರ. ತಮ್ಮನ್ನು ಕಂಡರೆ ಎದೆ ನಡುಗಿಸುವ ದಿಗಿಲು. ತಮ್ಮನ್ನು ನೋಡಿದರೆ ಚಿರತೆಯೂ ಓಡೀತು. ಆದ್ದರಿಂದ ಬೋನು ಬೇಡ. ಈ ಸಂಜೆ ತಾವೇ ಬಂದು ಬಾವಿಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು.”

ಕೆಂಚವ್ವ ಕೈ ಮುಗಿದಳು. “ಬನ್ನಿ ನಮ್ಮಪ್ಪಾ, ಕಂಬಳಿ ಹಾಸಿರ್ತೀವಿ!”

ಅಮಲ್ದಾರರ ಹಣೆ ಬೆವರಿತು. ಹಳೆಯ ಅರ್ಜಿಯನ್ನೇ ಎಳೆದುಕೊಂಡು, ‘ಬೋನು ಕೂಡಲೇ ಕಳಿಸಿ’ ಎಂದು ಬರೆದು ರುಜು ಹಾಕಿದರು. ಕೆಂಚವ್ವ ಅದನ್ನು ಹಿಡಿದು ಓಡಿದ ಮೇಲೆ ಮೆಲ್ಲಗೆ ಕೇಳಿದರು:

“ಅಲ್ಲಯ್ಯಾ, ಈಗ ನನಗಾಯಿತಲ್ಲ, ಅದಕ್ಕೆ ಯಾವ ಪದ?”

ಅವನು ಲೇಖನಿ ಒರೆಸಿ ಕಿವಿಗೆ ಸಿಕ್ಕಿಸಿಕೊಂಡ.

“ನಮ್ಮಂಥವರಿಗಾದರೆ ಅದು ಪುಕ್ಕಲುತನ, ಸ್ವಾಮಿ. ತಮಗಾದರೆ ‘ಮುನ್ನೆಚ್ಚರಿಕೆ’ ಅಂತ ಬರೀತೀವಿ.”